ಸಂಘದ ಹಾಲ್‌ನಲ್ಲಿ ಮನೆತೋಟದ ಪಾಠ



ನಮ್ಮ ಕನ್ನಡ ಸಂಘ, ಮಹಿಳಾ ಮಂಡಳಗಳಲ್ಲಿ ಮನೆತೋಟದ ಪಾಠ ಹೇಳಲು ಪಂಡಿತರೇ ಬೇಕೆಂದಿಲ್ಲ. ಮುಂಬೈ ಪೋರ್ಟ್ ಟ್ರಸ್ಟ್‌ನಲ್ಲಿ ಕ್ಯಾಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ 2002ರ ಸುಮಾರಿಗೆ ಅಲ್ಲಿನ ಅಡುಗೆಮನೆ ಕಸದಿಂದಲೇ ತಾರಸಿಯಲ್ಲಿ ತೋಟ ಮಾಡಿದರು. ಮುಂದೆ ನಗರದ ಜನರಿಗೂ ಕಲಿಸಿದರು.

ಅರ್ಧ ಗಂಟೆ ಸಾಕು, ಒಂದೇ ಗಿಡ ಹಿಡಿಯಿರಿ: ಕರಿಬೇವು. ಕುಂಡದ ತಳಕ್ಕೆ ತೂತು, ಅದರ ಮೇಲೆ ತೆಂಗಿನ ನಾರು. ಅರ್ಧ ಮಣ್ಣು, ಅರ್ಧ ಗೊಬ್ಬರ. ಕಪ್ಪಾದ ಹಣ್ಣಿನ ತಿರುಳು ತೆಗೆದು ಬೀಜವನ್ನು ಕೂಡಲೇ ಬಿತ್ತಬೇಕು. ಒಣಗಿಸಿ ಇಟ್ಟರೆ ಮೊಳೆಯುವುದು ಕಷ್ಟ. ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು. ಗಿಡ ಎದ್ದ ಮೇಲೆ ತುದಿ ಚಿವುಟಿದರೆ ಕವಲೊಡೆಯುತ್ತದೆ.

ಗೊಬ್ಬರದ ವಿಷಯ ಒತ್ತಿ ಹೇಳಿ. ತರಕಾರಿ ಸಿಪ್ಪೆ, ಸೋಸಿದ ಕಾಫಿಪುಡಿಯನ್ನು ಒಣ ಎಲೆಯೊಂದಿಗೆ ಬೆರೆಸಿ, ಪೂರ್ತಿ ಕಳಿತ ಮೇಲೆ ಕುಂಡಕ್ಕೆ ಹಾಕಬೇಕು. ಉಳಿದ ಸಾಂಬಾರು, ಕರಿದ ಎಣ್ಣೆ ಖಂಡಿತ ಬೇಡ. ಉಪ್ಪು ಬೇರನ್ನು ಕೆಡಿಸುತ್ತದೆ. ಎಣ್ಣೆ ಜಿಡ್ಡಿಗೆ ವಾಸನೆ, ಇಲಿ, ಜಿರಳೆ ಬರುತ್ತವೆ. ಆಮೇಲೆ ಸೊಸೈಟಿಯವರ ಜಗಳ. ತೋಟವೂ ಹೋಯಿತು, ಸಂಘದ ಹೆಸರೂ ಹೋಯಿತು.

ಕೊನೆಗೆ ಮನೆಗೊಂದು ಸಸಿ ಕೊಡಿ. ಮೂರು ತಿಂಗಳ ನಂತರ ಎಲ್ಲರನ್ನೂ ಮತ್ತೆ ಸೇರಿಸಿ. ಎಷ್ಟು ಗಿಡ ಬದುಕಿವೆಯೋ, ನಮ್ಮ ಪಾಠಕ್ಕೆ ಅಷ್ಟೇ ಮಾರ್ಕು.