ಜೇಡರ ಹುಳುವೂ ಮನೆಮದ್ದೂ

ಯುಗಾದಿಗೋ ಗೌರಿಹಬ್ಬಕ್ಕೋ ಒಂದು ವಾರ ಮೊದಲು ಮನೆಯ ಬಲೆ ತೆಗೆಯುವ ಗಡಿಬಿಡಿಯನ್ನು ಕಾಣದವರು ನಮ್ಮಲ್ಲಿ ವಿರಳ. ಬಿದಿರ ಗಳುವಿನ ತುದಿಗೆ ಪೊರಕೆ ಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಅಡಿಗೆಮನೆಯ ಇಲ್ಲಣವನ್ನೂ ಸೂರಿನ ಸಂದಿಗಳ ಬಲೆಗಳನ್ನೂ ಕೆಡವುತ್ತಾರೆ. ಕೆಲವು ವಾರಗಳು ಕಳೆದರೆ ಅದೇ ಮೂಲೆಯಲ್ಲಿ ಮತ್ತೆ ಬಲೆ. ಬೇಸತ್ತವರಿಗೆ ನೆರೆಹೊರೆಯವರು ಹೇಳುವ ಮದ್ದುಗಳಿಗೆ ಬರವಿಲ್ಲ: ನಿಂಬೆಯ ಸಿಪ್ಪೆಯಿಂದ ಕಿಟಕಿಯ ಚೌಕಟ್ಟನ್ನು ಉಜ್ಜಬೇಕು, ಪುದೀನ ಕುದಿಸಿದ ನೀರನ್ನು ಚಿಮುಕಿಸಬೇಕು, ಮೂಲೆಗಳಲ್ಲಿ ಕರ್ಪೂರ ಇಡಬೇಕು, ವಿನಿಗರ್ ಸಿಂಪಡಿಸಬೇಕು. ಇವುಗಳಿಂದ ಜೇಡ ತೊಲಗುವುದೆ? ‘ತೊಲಗಿತು, ನಾವೇ ಕಣ್ಣಾರೆ ಕಂಡಿದ್ದೇವೆ’ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಸುಳ್ಳಾಡುತ್ತಿಲ್ಲ. ಆದರೆ ಅವರು ಕಂಡದ್ದು ಯಾವುದರ ಫಲವನ್ನು ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ನಮ್ಮ ಮನೆಯ ಜೇಡದ ಪರಿಚಯ ಮಾಡಿಕೊಳ್ಳೋಣ. ಸೂರಿನ ಮೂಲೆಯಲ್ಲಿ ಗೊತ್ತುಗುರಿಯಿಲ್ಲದ ಎಳೆಗಳ ಸಡಿಲವಾದ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ, ಬೂದುಬಣ್ಣದ, ದೇಹಕ್ಕಿಂತ ಎಷ್ಟೋ ಪಾಲು ಉದ್ದವಾದ ಕಾಲುಗಳುಳ್ಳ ಜೇಡವನ್ನು ಎಲ್ಲರೂ ನೋಡಿರುತ್ತಾರೆ. ಇದು ಫೋಲ್ಸಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಉಷ್ಣದೇಶಗಳ ಮನೆಗಳಲ್ಲಿ ಇದರ ಕ್ರಾಸೋಪ್ರೈಜಾ ಲಯೊನಿ ಎಂಬ ಜಾತಿ ಬಹಳ ಸಾಮಾನ್ಯ. ಕಡ್ಡಿಯಿಂದ ಬಲೆಯನ್ನು ಮೆಲ್ಲಗೆ ತಾಕಿಸಿ ನೋಡಿರಿ: ಜೇಡ ಓಡುವುದಕ್ಕೆ ಬದಲಾಗಿ ಇದ್ದಲ್ಲಿಯೇ ಗಿರ್ರನೆ ಅದುರತೊಡಗಿ, ಅದರ ಆಕಾರವೇ ಮಸಕಾಗಿ ಬಿಡುತ್ತದೆ. ಹೆಣ್ಣು ತನ್ನ ಮೊಟ್ಟೆಗಳ ಗೊಂಚಲನ್ನು ತೆಳುವಾದ ಎಳೆಗಳಿಂದ ಸುತ್ತಿ ಬಾಯಲ್ಲಿ ಕಚ್ಚಿಕೊಂಡೇ ತಿರುಗುತ್ತದೆ. ಇನ್ನು ರಾತ್ರಿ ಬಚ್ಚಲಮನೆಯ ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿಕೊಂಡು ಕುಳಿತು ಮಕ್ಕಳನ್ನು ಕಿರಿಚಿಸುವ ಚಪ್ಪಟೆ ಜೇಡ ಬಲೆಯನ್ನೇ ಕಟ್ಟುವುದಿಲ್ಲ. ಅದು ಹೆಟೆರೊಪೋಡ ಎಂಬ ಬೇಟೆಗಾರ. ಜಿರಳೆಗಳನ್ನು ಹಿಡಿದು ತಿನ್ನುತ್ತದೆ.

ವಾಸನೆಯಿಂದ ಜೇಡವನ್ನು ಓಡಿಸಬೇಕಾದರೆ ಅದಕ್ಕೆ ವಾಸನೆ ತಿಳಿಯಬೇಕಷ್ಟೆ. ಜೇಡ ಕೀಟವಲ್ಲ, ಕೀಟಗಳಿಗಿರುವ ಕುಡಿಮೀಸೆ ಅದಕ್ಕಿಲ್ಲ, ಮೂಗಂತೂ ಇಲ್ಲವೇ ಇಲ್ಲ. ಅದರ ಕಾಲುಗಳ ಮೇಲಿನ ಸೂಕ್ಷ್ಮವಾದ ರೋಮಗಳಲ್ಲಿ ಕೆಲವು ರುಚಿಯನ್ನೂ ಕೆಲವು ವಾಸನೆಯನ್ನೂ ಗ್ರಹಿಸುತ್ತವೆ. ಆರ್ಜಿಯೋಪಿ ಎಂಬ ತೋಟದ ಜೇಡದ ಒಂದು ಜಾತಿಯಲ್ಲಿ, ಗಂಡು ತನ್ನ ಕಾಲಿನ ರೋಮಗಳ ಗೋಡೆಯಲ್ಲಿರುವ ಅತಿ ಸಣ್ಣ ರಂಧ್ರಗಳ ಮೂಲಕ ಹೆಣ್ಣಿನ ವಾಸನೆಯನ್ನು ಹಿಡಿಯುವುದೆಂದು 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಆದುದರಿಂದ ವಾಸನೆಯ ಮದ್ದು ಅಸಾಧ್ಯವೆಂದು ನಗುವಂತಿಲ್ಲ. ಯಾವ ವಾಸನೆ, ಎಷ್ಟು ದಿನ ಎಂಬುದೇ ಪ್ರಶ್ನೆ.

ಇಂಥ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡುವ ಕೆಲಸ ಹೊಸದಲ್ಲ. ಒಂಟಿಕೊಂಬಿನ ಕುದುರೆಯ ಕೊಂಬಿನ ಪುಡಿಯನ್ನು ವಿಷಜಂತುಗಳು ದಾಟಲಾರವೆಂದು ಹಿಂದೆ ಯೂರೋಪಿನಲ್ಲಿ ನಂಬಿಕೆಯಿತ್ತು. 1661ರ ಜುಲೈ ತಿಂಗಳಲ್ಲಿ ಲಂಡನಿನ ರಾಯಲ್ ಸೊಸೈಟಿಯ ವಿದ್ವಾಂಸರು ಆ ಪುಡಿಯಿಂದ ಒಂದು ವೃತ್ತವನ್ನೆಳೆದು ನಡುವೆ ಜೇಡವೊಂದನ್ನು ಬಿಟ್ಟರು. ಜೇಡ ಒಡನೆಯೇ ವೃತ್ತವನ್ನು ದಾಟಿ ಓಡಿಹೋಯಿತು. ಅಂಥ ಕುದುರೆ ಲೋಕದಲ್ಲಿ ಎಂದೂ ಇರಲಿಲ್ಲ; ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದು ಬಹುಮಟ್ಟಿಗೆ ಉತ್ತರಧ್ರುವದ ಕಡಲಿನ ನಾರ್ವಾಲ್ ಎಂಬ ತಿಮಿಂಗಿಲದ ಕೋರೆಹಲ್ಲು.

ನಿಂಬೆ, ಪುದೀನಗಳ ಸರದಿ ಬಂದುದು ತೀರ ಈಚೆಗೆ. ಆಂಡ್ರಿಯಾಸ್ ಫಿಶರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಮೂರು ಜಾತಿಯ ಹೆಣ್ಣು ಜೇಡಗಳ ಮುಂದೆ ಮದ್ದು ಇರುವ ಕಡೆ, ಇಲ್ಲದ ಕಡೆ ಎಂದು ಎರಡು ಆಯ್ಕೆಗಳನ್ನಿಟ್ಟು, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಪೆಪ್ಪರ್‌ಮಿಂಟ್ ಎಣ್ಣೆಯಿಂದ ಮೂರರಲ್ಲಿ ಎರಡು ಜಾತಿಗಳು ಸ್ಪಷ್ಟವಾಗಿ ದೂರ ಸರಿದವು. ನಿಂಬೆಯ ಎಣ್ಣೆಯನ್ನು ಒಂದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿಸಿಕೊಳ್ಳುವ ಮದ್ದು ನಿಂಬೆಯೇ ಎಂಬುದು ಇಲ್ಲಿನ ವಿನೋದ.

ಹಾಗಾದರೆ ಪುದೀನವನ್ನು ನಂಬಬಹುದೆ? ಎರಡು ತೊಡಕುಗಳಿವೆ. ನಮ್ಮ ಸಂತೆಯಲ್ಲಿ ಕಟ್ಟುಗಟ್ಟಲೆ ಸಿಕ್ಕುವ ಪುದೀನ ಬಹುಮಟ್ಟಿಗೆ ಸ್ಪಿಯರ್‌ಮಿಂಟ್ ಜಾತಿಯದು. ಅದರ ಕಂಪಿಗೆ ಕಾರಣವಾದುದು ಕಾರ್ವೋನ್. ಪೆಪ್ಪರ್‌ಮಿಂಟ್ ಎಣ್ಣೆಯ ಮುಖ್ಯ ವಸ್ತುವಾದರೋ ಮೆಂಥಾಲ್. ಒಂದರಿಂದ ಆದುದು ಇನ್ನೊಂದರಿಂದ ಆಗುವುದೆಂದು ಹೇಳಲಾಗದು. ಎರಡನೆಯ ತೊಡಕು ಇನ್ನೂ ಮೂಲಭೂತವಾದುದು. ವಸ್ತುವಿನ ಅಣುಗಳು ಆವಿಯಾಗಿ ಗಾಳಿಯಲ್ಲಿ ಸೇರಿದರೆ ಮಾತ್ರ ವಾಸನೆ, ಸೇರಿದವು ಹಿಂದಿರುಗುವುದಿಲ್ಲ. ಮದ್ದು ಕೆಲಸ ಮಾಡುತ್ತಿರುವುದೆಂದರೆ ಅದು ಮುಗಿದುಹೋಗುತ್ತಿರುವುದೆಂದೇ ಅರ್ಥ. ಕಿಟಕಿಗಳನ್ನು ತೆರೆದಿಡುವ ನಮ್ಮ ಮನೆಗಳಲ್ಲಿ ಅದು ಬೇಗನೆ ಮುಗಿಯುತ್ತದೆ.

ಇನ್ನು ವಿನಿಗರ್. ಸುಣ್ಣ ಬಳಿದ ಗೋಡೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುತ್ತದೆ. ಅದರ ಮೇಲೆ ಆಮ್ಲ ಬಿದ್ದರೆ ಏನಾಗುವುದೆಂದು ಪ್ರಯೋಗಶಾಲೆಯಲ್ಲಿ ಸುಣ್ಣಕಲ್ಲಿನ ಮೇಲೆ ಆಮ್ಲ ಸುರಿದು ನೊರೆ ಕಂಡಿರುವ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಜೇಡ ಹೋಗುವುದು ಸಂದೇಹ, ಗೋಡೆ ಕೆಡುವುದು ನಿಶ್ಚಯ. ಅಮೃತಶಿಲೆಯ ನೆಲಕ್ಕೂ ಇದೇ ಗತಿ. ಕರ್ಪೂರದ ವಿಷಯವಂತೂ ಗಂಭೀರವಾದುದು: ಎಳೆಯ ಮಕ್ಕಳು ಅದನ್ನು ನುಂಗಿದರೆ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೂಲೆಗಳಲ್ಲಿ ಕರ್ಪೂರದ ಬಿಲ್ಲೆಗಳನ್ನು ಹರಡುವುದು ಅಂಬೆಗಾಲಿಡುವ ಮಗುವಿರುವ ಮನೆಗೆ ಖಂಡಿತ ಸಲ್ಲದು.

ಅಂದಮೇಲೆ ನಿಂಬೆ ಉಜ್ಜಿದವರ ಮನೆಯಿಂದ ಜೇಡ ಹೋದದ್ದು ಹೇಗೆ? ಉತ್ತರ ಆ ಮದ್ದಿನ ವಿಧಿಯಲ್ಲಿಯೇ ಇದೆ. ನಿಂಬೆ ಉಜ್ಜುವ ಮೊದಲು ಯಾರೂ ಬಲೆಯನ್ನು ಹಾಗೆಯೇ ಬಿಡುವುದಿಲ್ಲ. ಪೊರಕೆಯಿಂದ ತೆಗೆದು, ಮೂಲೆಯನ್ನು ಒರಸಿ, ಅನಂತರ ಉಜ್ಜುತ್ತಾರೆ. ಜೇಡವೂ ಮೊಟ್ಟೆಗಳೂ ಪೊರಕೆಗೆ ಸಿಕ್ಕಿ ಆಗಲೇ ಹೊರಗೆ ಹೋಗಿರುತ್ತವೆ. ದುಡಿದದ್ದು ಪೊರಕೆ, ಹೆಸರು ಬಂದದ್ದು ನಿಂಬೆಗೆ. ಒಂದು ಮೂಲೆಯನ್ನು ಗುಡಿಸಿ ನಿಂಬೆ ಹಚ್ಚಿ, ಇನ್ನೊಂದನ್ನು ಬರಿದೆ ಗುಡಿಸಿ, ಎರಡನ್ನೂ ಹೋಲಿಸಿ ನೋಡಿದವರು ಎಷ್ಟು ಮಂದಿ?

ಈ ಹೋಲಿಕೆಯನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ನಮ್ಮ ಉದ್ದಗಾಲಿನ ಜೇಡ ಮೇಲೆ ಹೇಳಿದ ಮೂರು ಜಾತಿಗಳಲ್ಲಿ ಸೇರಿರಲಿಲ್ಲವಾದ್ದರಿಂದ ಈ ಕೆಲಸ ವ್ಯರ್ಥವೂ ಅಲ್ಲ. ಒಂದೇ ಅಳತೆಯ ಎರಡು ರಟ್ಟಿನ ಡಬ್ಬಿಗಳನ್ನು ಕಾಗದದ ಕೊಳವೆಯಿಂದ ಜೋಡಿಸಿರಿ. ಒಂದರಲ್ಲಿ ಮದ್ದಿನಲ್ಲಿ ಅದ್ದಿದ ಹತ್ತಿ, ಇನ್ನೊಂದರಲ್ಲಿ ನೀರಿನಲ್ಲಿ ಅದ್ದಿದ ಹತ್ತಿ. ಸಂಜೆ ಕೊಳವೆಯ ನಡುವೆ ಜೇಡವನ್ನು ಬಿಟ್ಟು, ಬೆಳಿಗ್ಗೆ ಎಲ್ಲಿದೆಯೆಂದು ಗುರುತು ಹಾಕಿಕೊಳ್ಳಿರಿ. ಪ್ರತಿಸಾರಿಯೂ ಬೇರೆ ಜೇಡ, ಹೊಸ ಡಬ್ಬಿಗಳು ಬೇಕು. ಹಿಂದಿನ ಜೇಡ ಬಿಟ್ಟುಹೋದ ಎಳೆ ಮುಂದಿನದಕ್ಕೆ ದಾರಿ ತೋರಬಹುದು. ಮದ್ದಿನ ಪಕ್ಕವನ್ನೂ ಎಡಬಲ ಬದಲಿಸುತ್ತಿರಬೇಕು. 20 ಸಲದಲ್ಲಿ 12 ಸಲ ಜೇಡ ನೀರಿನ ಡಬ್ಬಿಯಲ್ಲಿ ಸಿಕ್ಕಿತೆಂದು ಹಿಗ್ಗಬೇಡಿರಿ. ನಾಣ್ಯ ಚಿಮ್ಮಿದರೂ ಅಷ್ಟು ಬರುವುದುಂಟು. 15 ಅಥವಾ ಅದಕ್ಕೂ ಹೆಚ್ಚು ಸಲ ಸಿಕ್ಕಿದರೆ ಮಾತು ಬೇರೆ. ಬರಿಯ ಆಕಸ್ಮಿಕದಿಂದ ಹಾಗಾಗುವ ಸಂಭವ ನೂರಕ್ಕೆ ಎರಡರಷ್ಟು ಮಾತ್ರ.

ಪ್ರಯೋಗದ ಫಲ ಏನೇ ಇರಲಿ, ಜೇಡ ಮನೆಗೆ ಬರುವುದು ಊಟಕ್ಕೆ. ಸಂಜೆ ಕಿಟಕಿಯ ಬಳಿ ಪ್ರಖರವಾದ ಬಿಳಿ ದೀಪ ಉರಿದರೆ ಹುಳುಗಳು ಮುತ್ತುತ್ತವೆ, ಹುಳುಗಳಿರುವಲ್ಲಿ ಬಲೆ. ನೀಲಿ ಮತ್ತು ಅತಿನೇರಳೆ ಕಿರಣಗಳು ಕಡಿಮೆಯಿರುವ ಹಳದಿ ದೀಪಕ್ಕೆ ಅವು ಅಷ್ಟಾಗಿ ಬರುವುದಿಲ್ಲ. ದೀಪ ಬದಲಿಸಿ, ಕಿಟಕಿಗೆ ಜಾಲರಿ ಹಾಕಿಸಿ, ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ಹದಿನೈದು ದಿನಕ್ಕೊಮ್ಮೆ ಪೊರಕೆಯಾಡಿಸಿದರೆ ಯಾವ ಎಣ್ಣೆಯೂ ಬೇಕಾಗದು.

ದೀಪದ ಮಾತಿಗೆ ಇನ್ನೊಂದು ಕಾರಣವಿದೆ. ಬೆಳಗಾಗುವಾಗ ಕುತ್ತಿಗೆಯ ಮೇಲೆ ಉರಿಯುವ ಬೊಬ್ಬೆ ಕಂಡರೆ, ರಾತ್ರಿ ಜೇಡ ಹರಿಯಿತೆಂದು ಜನ ಹೇಳುವುದುಂಟು. ಅನೇಕ ವೇಳೆ ಅಪರಾಧಿ ಪೆಡೆರಸ್ ಎಂಬ, ಕೆಂಪು ಕಪ್ಪು ಪಟ್ಟೆಗಳ, ಸುಮಾರು 7ರಿಂದ 10 ಮಿಲಿಮೀಟರ್ ಉದ್ದದ ಜೀರುಂಡೆ. ಅದು ಕಚ್ಚುವುದಿಲ್ಲ, ದೀಪಕ್ಕೆ ಬಂದು ಮೈಮೇಲೆ ಕುಳಿತದ್ದನ್ನು ನಾವು ಉಜ್ಜಿ ಅರೆದಾಗ ಅದರ ದೇಹರಸದ ಪೆಡೆರಿನ್ ಎಂಬ ವಸ್ತು ಚರ್ಮವನ್ನು ಸುಡುತ್ತದೆ. ಅದನ್ನು ಅರೆಯದೆ ಊದಿ ಕೆಡವಿ, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಮಲಗುವ ಕೋಣೆಯ ಎತ್ತರದ ಮೂಲೆಯ ಒಂದೆರಡು ಬಲೆಗಳನ್ನು ನಾನಂತೂ ಹಬ್ಬದವರೆಗೆ ಮುಟ್ಟುವುದಿಲ್ಲ. ಥಾಯ್ಲೆಂಡಿನ ಮನೆಗಳಲ್ಲಿ ಕ್ರಾಸೋಪ್ರೈಜಾ ಲಯೊನಿಯ ಜೀವನವನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು ಅದನ್ನು ಡೆಂಗೆ ಹರಡುವ ಈಡಿಸ್ ಸೊಳ್ಳೆಯ ಭಕ್ಷಕವೆಂದು ಗುರುತಿಸಿದ್ದಾರೆ. ಹಗಲಿನಲ್ಲಿ ಕಚ್ಚುವ ಆ ಸೊಳ್ಳೆ ವಿರಮಿಸುವುದೂ ಮನೆಯೊಳಗಿನ ಇಂಥ ಕತ್ತಲೆಯ ಎಡೆಗಳಲ್ಲಿಯೇ.