ಮನೆಯ ಬೀಜ, ಅಂಗಡಿಯ ಬೀಜ: ಮುಕ್ತ ಸಾಫ್ಟವೇರ್ ಎಂದರೇನು?



ಈ ವಾರದ ಪಾಠ ಕಂಪ್ಯೂಟರಿನದು. ಆದರೂ ಹೊಲದಿಂದಲೇ ಆರಂಭಿಸುತ್ತೇವೆ. ನಮ್ಮ ಹುಲಜಂತಿಯ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುವದು ವಾಡಿಕೆ. ನಮ್ಮ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಎಂ ೩೫-೧ ಎಂಬ ತಳಿಯೂ ಮಾಲದಂಡಿಯೇ. ಒಳ್ಳೆಯ ತೆನೆ ಆಯ್ದಿಟ್ಟರೆ ಮುಂದಿನ ವರ್ಷಕ್ಕೆ ಬೀಜವಾಯಿತು. ನೆರೆಯವನಿಗೆ ಕೊಟ್ಟರೂ ಕೇಳುವವರಿಲ್ಲ. ೧೯೬೪ರಲ್ಲಿ ಸಿ.ಎಸ್.ಎಚ್.-೧ ಎಂಬ ಸಂಕರ ಜೋಳ ನಮ್ಮ ದೇಶದಲ್ಲಿ ಬಂದಿತು. ಅದರ ಇಳುವರಿ ಹೆಚ್ಚು. ಆದರೆ ಬೆಳೆದ ಕಾಳನ್ನೇ ಮರಳಿ ಬಿತ್ತಿದರೆ ಮೊದಲಿನ ಗುಣ ಬಾರದು. ಪ್ರತಿವರ್ಷ ಅಂಗಡಿಗೆ ಹೋಗಲೇಬೇಕು. ಸಾಫ್ಟವೇರಿನಲ್ಲಿಯೂ ಇಂಥ ಎರಡು ಬಗೆಗಳುಂಟು.

ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಶಾಲೆಯ ಪ್ರಶ್ನೆಪತ್ರಿಕೆಗಳನ್ನೂ ಹೊಲದ ಏಳು ವರ್ಷದ ಖರ್ಚುವೆಚ್ಚವನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದೆವು. ಅದರೊಳಗಿನ ಆಫೀಸ್ ಸಾಫ್ಟವೇರ್ ಅಂಗಡಿಯವನೊಬ್ಬ ಹಾಕಿಕೊಟ್ಟ ಕಳ್ಳಪ್ರತಿ. ಒಮ್ಮೆ ಯಂತ್ರ ಕೆಟ್ಟಿತು. ದುರಸ್ತಿಯಾಗಿ ಬಂದ ಮೇಲೆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಳೆಯ ಅಕ್ಷರಶೈಲಿ ಯಾರ ಬಳಿಯೂ ಉಳಿದಿರಲಿಲ್ಲ. ಅದನ್ನು ಪರಿವರ್ತಿಸುವ ಸಾಧನಗಳಿವೆಯೆಂಬುದು ಆಗ ನಮಗೆ ಗೊತ್ತಿರಲಿಲ್ಲ. ದೀಪಾವಳಿಯಲ್ಲಿ ಊರೆಲ್ಲ ಮಹಾಲಿಂಗರಾಯನ ಜಾತ್ರೆಯಲ್ಲಿದ್ದಾಗ ನಾವು ಹಳೆಯ ಚೀಟಿಗಳನ್ನು ಹುಡುಕಿ ಲೆಕ್ಕ ತಿರುಗಿ ಬರೆಯುತ್ತ ಕುಳಿತೆವು. ನಮ್ಮ ಬರಹದ ಕೀಲಿಕೈ ನಮ್ಮ ಕೈಯಲ್ಲಿರಲಿಲ್ಲ.

ಹಾಗಾದರೆ ಮುಕ್ತ ಸಾಫ್ಟವೇರ್ ಎಂದರೇನು? ಯಾವುದೇ ಸಾಫ್ಟವೇರನ್ನು ಮೊದಲು ಮನುಷ್ಯರು ಓದಬಲ್ಲ ಸೂಚನೆಗಳ ರೂಪದಲ್ಲಿ ಬರೆಯುತ್ತಾರೆ. ಇದಕ್ಕೆ ಮೂಲಬರಹ ಎನ್ನೋಣ. ಅನೇಕ ಕಂಪನಿಗಳು ಇದನ್ನು ಮುಚ್ಚಿಟ್ಟು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಮಾರುತ್ತವೆ. ಮುಕ್ತ ಸಾಫ್ಟವೇರಿನಲ್ಲಿ ಮೂಲಬರಹವೂ ಎಲ್ಲರಿಗೂ ದೊರೆಯುವದು. ಜೊತೆಗೆ ನಾಲ್ಕು ಹಕ್ಕುಗಳು:

೧. ಯಾವ ಕೆಲಸಕ್ಕಾದರೂ ಬಳಸುವದು.
೨. ಒಳಗೇನಿದೆಯೆಂದು ನೋಡಿ, ಬೇಕಾದಂತೆ ತಿದ್ದುವದು.
೩. ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡುವದು.
೪. ತಿದ್ದಿದ್ದನ್ನೂ ಹಂಚುವದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಸಿಕ್ಕರೂ ಮೂಲಬರಹ ಮುಚ್ಚಿದ್ದರೆ ಕೊಟ್ಟವನು ನಾಳೆ ಬಾಗಿಲು ಹಾಕಬಹುದು. ಕಳ್ಳಪ್ರತಿಯಂತೂ ಪುಕ್ಕಟೆಯೂ ಅಲ್ಲ, ಅದು ಕಳವು.

ಈ ವಿಚಾರಕ್ಕೆ ಚಾಲನೆ ಕೊಟ್ಟವರು ಅಮೇರಿಕದ ರಿಚರ್ಡ್ ಸ್ಟಾಲ್‌ಮನ್. ೧೯೮೩ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಪತ್ರ, ಲೆಕ್ಕಪತ್ರಗಳ ಸಾಫ್ಟವೇರಿನ ಕಥೆ ಇನ್ನೂ ಬೋಧಪ್ರದ. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್ ಆಫೀಸನ್ನು ಸನ್ ಕಂಪನಿ ೧೯೯೯ರಲ್ಲಿ ಕೊಂಡು, ಮರುವರ್ಷ ಅದರ ಮೂಲಬರಹವನ್ನು ಬಿಚ್ಚಿಟ್ಟಿತು. ಅದೇ ಓಪನ್ ಆಫೀಸ್. ೨೦೧೦ರಲ್ಲಿ ಸನ್ ಕಂಪನಿ ಓರೆಕಲ್ಲಿನ ಪಾಲಾಯಿತು. ಮುಂದೇನೋ ಎಂದು ಶಂಕಿಸಿದ ಕೆಲಸಗಾರರಲ್ಲಿ ಬಹಳ ಜನ ಅದೇ ವರ್ಷ ಅದೇ ಮೂಲಬರಹದಿಂದ ಲಿಬ್ರೆ ಆಫೀಸ್ ಕಟ್ಟಿದರು. ಹೊಲದ ಒಡೆಯ ಬದಲಾದರೇನು, ಬೀಜ ಕೈಯಲ್ಲಿತ್ತು. ಬೇರೆ ಹೊಲದಲ್ಲಿ ಬಿತ್ತಿದರು.

ಲಿಬ್ರೆ ಆಫೀಸಿನ ರೈಟರಿನಲ್ಲಿ ಅರ್ಜಿ, ಪತ್ರ ಬರೆಯಬಹುದು. ಕ್ಯಾಲ್ಕಿನಲ್ಲಿ ಬೀಜ, ಗೊಬ್ಬರ, ಕೂಲಿಗಳ ಲೆಕ್ಕ ಕೂಡಿಸಬಹುದು. ಇಂಪ್ರೆಸ್ಸಿನಲ್ಲಿ ಮಕ್ಕಳಿಗೆ ಚಿತ್ರಪಾಠ ತೋರಿಸಬಹುದು. ಅದರ ಪರದೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇಟ್ಟುಕೊಳ್ಳಬಹುದು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ಸಣ್ಣ ಅನುಕೂಲವಲ್ಲ.

ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿರಿ. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಮುಕ್ತ ಸಾಫ್ಟವೇರಿನ ಮೇಲೆಯೇ ನಡೆಯುತ್ತದೆ; ಪಾಠಪುಸ್ತಕವು ಕನ್ನಡದಲ್ಲಿಯೂ ಇದೆ. ಶಾಲೆಯಲ್ಲಿ ಕಲಿತ ಸಾಫ್ಟವೇರನ್ನೇ ಮಗು ಮನೆಗೆ ಒಯ್ಯಬಹುದು. ಬಡವನ ಮಗನೂ ಕಳವಿಗೆ ಕೈಹಾಕಬೇಕಿಲ್ಲ.

ದೋಷಗಳನ್ನೂ ಹೇಳಬೇಕು. ಬೇರೆ ಆಫೀಸ್ ಸಾಫ್ಟವೇರಿನಲ್ಲಿ ಮಾಡಿದ ಕಡತವನ್ನು ಇದರಲ್ಲಿ ತೆರೆದಾಗ ಕೆಲವೊಮ್ಮೆ ಕೋಷ್ಟಕ, ಅಂಚುಗಳು ಸರಿಯುತ್ತವೆ. ಹೊಸದಾಗಿ ಕೈ ಪಳಗಲು ಕೆಲವು ದಿನ ಬೇಕು. ಆದುದರಿಂದ ಹಳೆಯದನ್ನು ಒಮ್ಮೆಲೇ ಕಿತ್ತೊಗೆಯದೆ, ಒಂದು ಮಡಿಯಲ್ಲಿ ಬಿತ್ತಿ ನೋಡಿದಂತೆ ಒಂದೆರಡು ಕೆಲಸಗಳಿಗೆ ಬಳಸಿ ನೋಡಿರಿ.

ಮಾಡತಕ್ಕ ಕೆಲಸಗಳು ಇವು:

೧. ಸಾಫ್ಟವೇರನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿರಿ. ಹಣ ಕೇಳಿದರೆ ಅದು ಇಚ್ಛೆಯ ದೇಣಿಗೆ, ಕಡ್ಡಾಯವಲ್ಲ.
೨. ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ೧೯೯೧ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದೆ. ಹೀಗೆ ಬರೆದದ್ದು ಯಾವ ಊರಿನ ಯಂತ್ರದಲ್ಲಿಯೂ ಕನ್ನಡವಾಗಿಯೇ ಇರುವದು.
೩. ಕಡತಗಳನ್ನು ಓ.ಡಿ.ಟಿ., ಓ.ಡಿ.ಎಸ್. ಎಂಬ ಮುಕ್ತ ರೂಪಗಳಲ್ಲಿ ಇಡಿರಿ. ಇವು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾದವು. ಬೇರೆಯವರಿಗೆ ಕಳಿಸುವಾಗ ಪಿ.ಡಿ.ಎಫ್. ಮಾಡಿರಿ.
೪. ಒಂದು ಪ್ರತಿ ಯಂತ್ರದಲ್ಲಿ, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ.

ಬರಗಾಲದಲ್ಲಿಯೂ ನಮ್ಮ ಹಿರಿಯರು ಬೀಜದ ಜೋಳ ತಿನ್ನದೆ ಕಾದಿಟ್ಟರು. ಗಡಿಯಾಚೆಯ ನಮಗೆ ಕನ್ನಡದ ಲೆಕ್ಕಪತ್ರ, ಪಾಠ, ಅರ್ಜಿಗಳೂ ಬೀಜವೇ. ಅವುಗಳ ಕೀಲಿಕೈಯನ್ನು ಪರರ ಕೈಗೆ ಕೊಡದೆ ನಾವೇ ಇಟ್ಟುಕೊಳ್ಳೋಣ.