ಬೇಸಿಗೆಯ ಬಯಲಾಟ: ಗದ್ದೆ, ಬಾವಿ ಮತ್ತು ದನಕರುಗಳ ರಕ್ಷಣೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೊಯ್ಲು ಮುಗಿದು ಭತ್ತ ಕಣಜ ಸೇರಿದ ಮೇಲೆ ಕೃಷಿಕರ ಮನೆಗಳಲ್ಲಿ ಶುಭಕಾರ್ಯಗಳ ಕಾಲ ಆರಂಭವಾಗುತ್ತದೆ. ಮದುವೆ, ಗೃಹಪ್ರವೇಶ, ದೈವದ ಕೋಲಗಳೊಂದಿಗೆ ಹರಕೆಯ ಯಕ್ಷಗಾನ ಬಯಲಾಟವೂ ಇದೇ ಸಮಯದಲ್ಲಿ ನಡೆಯುತ್ತದೆ. ಕಟೀಲು, ಮಂದಾರ್ತಿ ಮುಂತಾದ ಕ್ಷೇತ್ರಗಳ ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟಕ್ಕೆ ಹೊರಟು, ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಮಕ್ಕಳಿಗೆ ರಜೆ ಇರುವುದರಿಂದ ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದ ಬಂಧುಗಳೂ ಏಪ್ರಿಲ್–ಮೇ ತಿಂಗಳಲ್ಲಿ ಊರಿಗೆ ಬರುತ್ತಾರೆ.

ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಆಟ ಆಡಿಸುವ ಮನೆಯವರೇ ಖರ್ಚು ಹೊತ್ತು, ಬಂದವರಿಗೆಲ್ಲ ಊಟ ಹಾಕುತ್ತಾರೆ. ನೂರಾರು ಜನ ಒಂದೇ ರಾತ್ರಿ ಸೇರುವಾಗ ಗದ್ದೆ, ಬಾವಿ ಮತ್ತು ಕೊಟ್ಟಿಗೆಗಳ ಬಗ್ಗೆ ಮುಂಚಿತವಾಗಿ ಯೋಚಿಸುವುದು ಅಗತ್ಯ.

ಗದ್ದೆಯ ಆಯ್ಕೆ

ಕರಾವಳಿಯ ಗದ್ದೆಗಳಲ್ಲಿ ಬೆಟ್ಟು, ಮಜಲು, ಬಯಲು ಎಂಬ ಮೂರು ವಿಧಗಳಿವೆ. ಬೆಟ್ಟು ಗದ್ದೆಯಲ್ಲಿ ಸಾಮಾನ್ಯವಾಗಿ ಮಳೆಗಾಲದ ಏಣೆಲು ಬೆಳೆ ಮಾತ್ರ ಬರುವುದರಿಂದ ಬೇಸಿಗೆಯಲ್ಲಿ ಅದು ಒಣಗಿ ಗಟ್ಟಿಯಾಗಿರುತ್ತದೆ. ಆಟಕ್ಕೆ ಇದೇ ಸೂಕ್ತ. ಮಜಲಿನಲ್ಲಿ ಉದ್ದು, ಹೆಸರು ಇದ್ದರೆ ಅದರ ಕೊಯ್ಲು ಆಗಿರಬೇಕು. ನೀರಿನ ಆಸರೆಯಿರುವ ಬಯಲು ಗದ್ದೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ತೇವವಿರುವ ಮಣ್ಣನ್ನು ಜನರೂ ವಾಹನಗಳೂ ತುಳಿದರೆ ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿಹೋಗಿ ಗಾಳಿ, ನೀರು ಒಳಗಿಳಿಯುವುದಿಲ್ಲ. ಒಣ ಮಣ್ಣಿಗೆ ಇಷ್ಟು ಹಾನಿಯಿಲ್ಲ.

ಬದುಗಳ ಮೇಲೆ ಜನ ಓಡಾಡಿದರೆ ಅವು ಕುಸಿಯುತ್ತವೆ. ಆದುದರಿಂದ ಬಂದುಹೋಗಲು ಒಂದೇ ದಾರಿ ಮಾಡಿ, ಅಲ್ಲಿ ಅಡಿಕೆ ಮರದ ಸೀಳುಗಳನ್ನು ಹಾಸಬೇಕು. ಆ ದಾರಿಯಲ್ಲಿ ಬೆಳಕು ಇರಲಿ. ಕಟ್ಟೆಯಿಲ್ಲದ ಬಾವಿ, ಕೆರೆಗಳಿದ್ದರೆ ಸುತ್ತಲೂ ಬೇಲಿ ಕಟ್ಟತಕ್ಕದ್ದು.

ಬೆಳಕು ಮತ್ತು ಬಣವೆ

ಹಿಂದೆ ದೊಂದಿ, ಅನಂತರ ಗ್ಯಾಸ್‌ಲೈಟು ಉರಿಸುತ್ತಿದ್ದ ರಂಗಸ್ಥಳಕ್ಕೆ ಈಗ ವಿದ್ಯುದ್ದೀಪಗಳು ಬಂದಿವೆ. ಪಂಪ್‌ಸೆಟ್ಟಿನಿಂದ ತಂತಿ ಎಳೆಯುವುದು ಅಪಾಯಕರ. ತಾತ್ಕಾಲಿಕ ಸಂಪರ್ಕ ಪಡೆದು, ಬಲ್ಲ ಕೆಲಸಗಾರನಿಂದಲೇ ಜೋಡಣೆ ಮಾಡಿಸಬೇಕು. ಬೈಹುಲ್ಲಿನ ಬಣವೆಯ ಹತ್ತಿರ ಚೌಕಿ, ಅಡುಗೆ ಒಲೆ, ಜನರೇಟರ್ ಯಾವುದೂ ಇರಕೂಡದು. ಗಾಳಿ ಬೀಸುವ ದಿಕ್ಕನ್ನು ನೋಡಿ ಒಲೆಯ ಜಾಗವನ್ನು ನಿರ್ಧರಿಸಬೇಕು. ಬಣವೆ ಸುಟ್ಟರೆ ಮಳೆಗಾಲದ ಮೇವೇ ಹೋದಂತೆ. ಒಂದು ಡ್ರಮ್ ನೀರು ಮತ್ತು ಕೆಲವು ಬುಟ್ಟಿ ಮರಳನ್ನು ಪಕ್ಕದಲ್ಲಿ ಇಟ್ಟಿರಬೇಕು.

ಬಾವಿಯ ನೀರು

ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿರುತ್ತದೆ. ಆಟದ ಹಿಂದಿನ ರಾತ್ರಿಯೇ ಬ್ಲೀಚಿಂಗ್ ಪುಡಿ ಹಾಕುವುದು ಉತ್ತಮ. ತಿಳಿಯಾದ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಒಟ್ಟು ಸುಮಾರು 9400 ಲೀಟರ್ ಆಗುತ್ತದೆ. ಅದಕ್ಕೆ 24 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು ಬಾವಿಗೆ ಸುರಿದು, ಕೊಡಪಾನದಿಂದ ಚೆನ್ನಾಗಿ ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಕುಡಿಯುವ ನೀರನ್ನು ಕುದಿಸಿ ಆರಿಸಿ ಕೊಡುವುದು ಇನ್ನೂ ಕ್ಷೇಮ.

ಮಿಕ್ಕ ಅನ್ನ ದನಗಳಿಗೆ ವಿಷ

ಸಮಾರಂಭದ ಮರುದಿನ ದನಗಳು ಸಾಯುವುದು ಹಳ್ಳಿಗಳಲ್ಲಿ ಹೊಸತಲ್ಲ. ಇದನ್ನು ದೃಷ್ಟಿ ತಾಗಿತೆಂದು ತಿಳಿಯುವವರಿದ್ದಾರೆ. ನಿಜವಾದ ಕಾರಣ ಮಿಕ್ಕ ಅನ್ನ ಮತ್ತು ಪಾಯಸ.

ದನದ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿರುತ್ತವೆ. ಅಭ್ಯಾಸವಿಲ್ಲದ ದನ ಒಮ್ಮೆಗೇ ಬಹಳ ಅನ್ನ ತಿಂದರೆ ಅದರಲ್ಲಿನ ಪಿಷ್ಟ ಬೇಗನೆ ಹುಳಿತು ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಹುಳಿ ಹೆಚ್ಚಿದಂತೆ ಉಪಯುಕ್ತ ಜೀವಿಗಳು ಸಾಯುತ್ತವೆ, ದೇಹದ ನೀರು ಹೊಟ್ಟೆಗೆ ಇಳಿಯುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ, ಕಣ್ಣು ಗುಳಿ ಬೀಳುತ್ತದೆ. ಕೊನೆಗೆ ಏಳಲಾರದೆ ಮಲಗುತ್ತದೆ. ಮೊದಲ ಲಕ್ಷಣ ಕಂಡೊಡನೆ, ಅಥವಾ ಅನ್ನ ತಿಂದದ್ದು ತಿಳಿದೊಡನೆಯೇ, ಪಶುವೈದ್ಯರನ್ನು ಕರೆಸಬೇಕು. ಮನೆಮದ್ದು ಮಾಡುತ್ತ ಬೆಳಗಿನ ತನಕ ಕಾಯಬಾರದು.

ಮಿಕ್ಕ ಆಹಾರವನ್ನು ಗೊಬ್ಬರದ ಗುಂಡಿಗೆ ಹಾಕಿ, ತರಗೆಲೆ, ಸಗಣಿ ಬಗ್ಗಡ ಮತ್ತು ಮಣ್ಣಿನ ಪದರಗಳಿಂದ ಮುಚ್ಚಬೇಕು. ಗುಂಡಿ ಮುಚ್ಚುವ ತನಕ ದನಗಳನ್ನು ಬಿಡಕೂಡದು. ಗೋಬರ್ ಗ್ಯಾಸ್ ತೊಟ್ಟಿಗೂ ಎಲ್ಲವನ್ನೂ ಒಮ್ಮೆಗೇ ಸುರಿಯಬಾರದು. ಅಲ್ಲಿಯೂ ಹುಳಿ ಹೆಚ್ಚಿ ಗ್ಯಾಸ್ ನಿಲ್ಲುತ್ತದೆ.

ಚೆಂಡೆಯ ಸದ್ದಿಗೆ ಬೆದರಿದ ಹಸು ಹಾಲನ್ನು ಏರಿಸಿಕೊಳ್ಳುತ್ತದೆ. ಹೊಸದಾಗಿ ಕರು ಹಾಕಿದ ಹಸುವನ್ನು ಆ ರಾತ್ರಿ ನೆರೆಮನೆಯ ಕೊಟ್ಟಿಗೆಯಲ್ಲಿ ಕಟ್ಟುವುದು ಲೇಸು.

ಮರುದಿನದ ಕೆಲಸ

ಬಾಳೆ ಎಲೆ, ಹಾಳೆ ತಟ್ಟೆಗಳು ಕೊಳೆತು ಗೊಬ್ಬರವಾಗುತ್ತವೆ. ಪ್ಲಾಸ್ಟಿಕ್ ಲೋಟ, ಚೀಲಗಳು ಕೊಳೆಯುವುದಿಲ್ಲ. ದನದ ಹೊಟ್ಟೆ ಸೇರಿದರೆ ಅಲ್ಲೇ ಗಂಟಾಗಿ ಉಳಿಯುತ್ತವೆ. ಚಪ್ಪರ ಬಿಚ್ಚುವಾಗ ಬಿದ್ದ ಮೊಳೆ, ತಂತಿ ತುಂಡುಗಳು ಇನ್ನೂ ಅಪಾಯಕರ. ಹುಲ್ಲಿನೊಂದಿಗೆ ಒಳಹೋದ ಮೊಳೆ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದ ತನಕ ತಲಪಬಲ್ಲದು. ನೇಜಿ ನೆಡುವವರ ಬರಿಗಾಲಿಗೂ ಅದು ಚುಚ್ಚೀತು. ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವನ್ನು ಗದ್ದೆಯಲ್ಲಿ ಎಳೆದಾಡಿದರೆ ಕಣ್ಣಿಗೆ ಬೀಳದ ಮೊಳೆಗಳೂ ಸಿಗುತ್ತವೆ.

ಮೊದಲ ಬೇಸಿಗೆ ಮಳೆ ಬಿದ್ದು ಮಣ್ಣು ಹದಕ್ಕೆ ಬಂದೊಡನೆ ಗದ್ದೆಯನ್ನು ಉತ್ತುಬಿಡಬೇಕು. ಇದರಿಂದ ತುಳಿದು ಗಟ್ಟಿಯಾದ ಮೇಲ್ಮಣ್ಣು ಸಡಿಲವಾಗುತ್ತದೆ, ಕಳೆಗಳೂ ಮಣ್ಣಿನಲ್ಲಿ ಅಡಗಿದ ಕೀಟಗಳ ಕೋಶಗಳೂ ಬಿಸಿಲಿಗೆ ಸಿಕ್ಕಿ ನಾಶವಾಗುತ್ತವೆ. ಕುಸಿದ ಬದುಗಳನ್ನು ಜೂನ್ ಮೊದಲೇ ಸರಿಪಡಿಸಿದರೆ ಏಣೆಲಿಗೆ ನೀರು ನಿಲ್ಲುತ್ತದೆ.